ಟಾಂಗಾದಲ್ಲಿ ಇಳಿದವರು

'ಸೇವಿಂಗ್ ಪ್ರೈವೇಟ್ ರಯಾನ್' ಸಿನಿಮಾ ನೋಡಿದ ಬೆಂಗಳೂರಿನವರಿಗೆ ಒಂದು ಕಡೆ ಕಿವಿ ನಿಮಿರುತ್ತದೆ. ಒಮಾಹಾ ಕಡಲತೀರದಲ್ಲಿ ಗುಂಡಿನ ಮಳೆ ಸುರಿಯುತ್ತಿರುವಾಗ ಅಮೆರಿಕದ ಸೈನಿಕರು ನಮ್ಮೂರಿನ ಹೆಸರು ಹಿಡಿದು ಕೂಗುತ್ತಾರೆ. ಅವರು ಕೇಳುತ್ತಿರುವುದು ಬ್ಯಾಂಗಲೋರ್ ಟಾರ್ಪಿಡೊವನ್ನು. ಸಿಡಿಮದ್ದು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಮುಳ್ಳುತಂತಿಯ ಅಡಿಗೆ ತಳ್ಳಿ ಸಿಡಿಸುವ ಸಾಧನ ಅದು. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ ಎಂಬಾತ ಅದನ್ನು ರೂಪಿಸಿದ್ದು. ತರಗತಿಯಲ್ಲಿ ಎರಡನೇ ಮಹಾಯುದ್ಧದ ಪಾಠ ಬಂದಾಗ ನಾನು ಈ ಸಂಗತಿ ಹೇಳುತ್ತೇನೆ. ಹುಡುಗರ ಮುಖ ಅರಳುತ್ತದೆ. ಆಮೇಲೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸರ್, ಡಿ-ಡೇ ಫೇಲ್ ಆಗಿದ್ದಿದ್ರೆ?"

ಇತಿಹಾಸದ ಮೇಷ್ಟ್ರುಗಳಿಗೆ ಈ 'ರೆ' ಪ್ರತ್ಯಯ ಕಂಡರಾಗದು. ಆಗಿದ್ದನ್ನೇ ಓದದವರು ಆಗದಿದ್ದುದನ್ನು ಯಾಕೆ ಕೇಳಬೇಕು ಎಂದು ಗದರುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಪ್ರಶ್ನೆಯನ್ನು ಐಸೆನ್‌ಹೋವರ್ ಸ್ವತಃ ಕೇಳಿಕೊಂಡಿದ್ದ. 1944ರ ಜೂನ್ 5ರಂದು, ದಾಳಿಗೆ ಅಪ್ಪಣೆ ಕೊಟ್ಟ ಮೇಲೆ, ಸೋತರೆ ಹೊರಡಿಸಬೇಕಾದ ಪ್ರಕಟಣೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡ. ಸೈನಿಕರು ಮಾಡಬೇಕಾದ್ದನ್ನೆಲ್ಲ ಮಾಡಿದರು, ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದು ಎಂಬುದು ಅದರ ಸಾರ. ಆ ಆತಂಕದಲ್ಲಿ ತಾರೀಖನ್ನು ಜುಲೈ 5 ಎಂದು ಹಾಕಿಬಿಟ್ಟಿದ್ದ.

ನಾರ್ಮಂಡಿ ಸೋತಿದ್ದರೂ ಹಿಟ್ಲರ್ ಗೆಲ್ಲುತ್ತಿರಲಿಲ್ಲ ಎಂದೇ ನಾನು ಹುಡುಗರಿಗೆ ಹೇಳುವುದು. ಅದೇ ಜೂನ್ 22ರಂದು ಪೂರ್ವದಲ್ಲಿ ಸೋವಿಯತ್ ಸೇನೆಯ ಬಗ್ರಾತಿಯೋನ್ ದಾಳಿ ಶುರುವಾಯಿತು. ಕೆಲವೇ ವಾರಗಳಲ್ಲಿ ಜರ್ಮನಿಯ ಮಧ್ಯದ ಸೇನಾಸಮೂಹ ನುಚ್ಚುನೂರಾಗಿ, ಕೆಂಪು ಸೇನೆ ವಿಸ್ತುಲಾ ನದಿಯವರೆಗೆ ಬಂತು. ನಾರ್ಮಂಡಿಯಲ್ಲಿ ಸೋತಿದ್ದರೆ ಬದಲಾಗುತ್ತಿದ್ದುದು ಆ ಸೇನೆ ಬಂದು ನಿಲ್ಲುವ ಜಾಗ, ಯುದ್ಧ ಮುಗಿಯುವ ತಿಂಗಳು, ಮತ್ತು ಆ ತಿಂಗಳುಗಳಲ್ಲಿ ಸಾಯುವವರ ಪಟ್ಟಿ. ಯಾರು ಗೆದ್ದರು ಎಂಬುದು ಯುದ್ಧದ ಫಲಿತಾಂಶದ ಒಂದು ಸಾಲು ಮಾತ್ರ, ಅದರ ಕೆಳಗೆ ಇನ್ನೂ ಬಹಳ ಸಾಲುಗಳಿರುತ್ತವೆ.

ಇಷ್ಟು ಹೇಳಿ ನಾನು ನಾರ್ಮಂಡಿ ಬಿಟ್ಟು ಟಾಂಗಾಕ್ಕೆ ಹೋಗುತ್ತೇನೆ. ಆಗದ ಸೋಲಿನ ಬಗ್ಗೆ ಏನು ಹೇಳಿದರೂ ಯಾರೂ ಸಾಕ್ಷಿ ಕೇಳುವಂತಿಲ್ಲ. ಟಾಂಗಾದ ಸೋಲು ನಿಜಕ್ಕೂ ಆದದ್ದು. ಅಲ್ಲಿ ಇಳಿದವರಲ್ಲಿ ಅರ್ಧದಷ್ಟು ಜನ ಬೆಂಗಳೂರಿನ ಹೆಸರು ಹೊತ್ತ ಬ್ರಿಗೇಡಿನವರು.

ಟಾಂಗಾ ಇರುವುದು ಇಂದಿನ ಟಾಂಜಾನಿಯಾದ ಈಶಾನ್ಯ ಮೂಲೆಯಲ್ಲಿ, ಕೆನ್ಯಾದ ಗಡಿಗೆ ಹತ್ತಿರ. 1914ರಲ್ಲಿ ಅದು ಜರ್ಮನ್ ಪೂರ್ವ ಆಫ್ರಿಕಾದ ಎರಡನೇ ದೊಡ್ಡ ಬಂದರು. ಅಲ್ಲಿಂದ ಕಿಲಿಮಂಜಾರೋ ಬುಡದ ಮೋಶಿ ಊರಿಗೆ ಸುಮಾರು 350 ಕಿಲೋಮೀಟರ್ ರೈಲು ದಾರಿ ಹೋಗುತ್ತಿತ್ತು. ಯುದ್ಧ ಶುರುವಾದಾಗ ಅಲ್ಲಿನ ಗವರ್ನರ್ ಹೈನ್ರಿಶ್ ಶ್ನೀಗೆ ಕಾದಾಟವೇ ಬೇಡವಾಗಿತ್ತು. ವಸಾಹತು ಇಡಿಯಾಗಿ ಉಳಿಯಬೇಕು, ತೋಟಗಳು ನಡೆಯಬೇಕು ಎಂಬುದು ಅವನ ಲೆಕ್ಕ. ದಾರ್ ಎಸ್ ಸಲಾಮ್ ಮತ್ತು ಟಾಂಗಾ ಬಂದರುಗಳ ಮೇಲೆ ದಾಳಿಯಾಗದಂತೆ ಬ್ರಿಟಿಷ್ ನೌಕಾಪಡೆಯ ಜೊತೆ ಒಪ್ಪಂದವನ್ನೂ ಮಾಡಿಕೊಂಡಿದ್ದ. ಸೇನೆಯ ದಂಡನಾಯಕ ಪೌಲ್ ಫಾನ್ ಲೆಟೋ-ಫೋರ್ಬೆಕ್ ಅದಕ್ಕೆ ಪೂರಾ ವಿರುದ್ಧ. ಆಫ್ರಿಕಾದಲ್ಲಿ ಕಾದಾಡಿ ಶತ್ರುವಿನ ಸೈನ್ಯವನ್ನು ಯುರೋಪಿಗೆ ಹೋಗದಂತೆ ಇಲ್ಲೇ ಹಿಡಿದಿಡಬೇಕು ಎಂಬುದು ಅವನ ಹಟ. ಇಬ್ಬರೂ ಬದ್ಧವೈರಿಗಳಂತೆ ಪತ್ರ ಬರೆದುಕೊಳ್ಳುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಬ್ರಿಟಿಷರು ಈ ಬಂದರನ್ನು ಹಿಡಿಯುವ ಕೆಲಸವನ್ನು ಭಾರತಕ್ಕೆ ಒಪ್ಪಿಸಿದರು. 'ಇಂಡಿಯನ್ ಎಕ್ಸ್‌ಪೆಡಿಷನರಿ ಫೋರ್ಸ್ ಬಿ' ಎಂಬ ಹೆಸರಿನಲ್ಲಿ ಸುಮಾರು ಎಂಟು ಸಾವಿರ ಜನರನ್ನು ಕೂಡಿಸಿದರು. ಮೇಜರ್ ಜನರಲ್ ಆರ್ಥರ್ ಐಟ್ಕೆನ್ ಇದರ ಮುಖ್ಯಸ್ಥ. ಎರಡು ಬ್ರಿಗೇಡುಗಳಲ್ಲಿ ಒಂದು ಸಂಸ್ಥಾನಗಳ ಸೈನಿಕರೂ ಇದ್ದ ಇಂಪೀರಿಯಲ್ ಸರ್ವಿಸ್ ಬ್ರಿಗೇಡ್, ಇನ್ನೊಂದು 27ನೆಯ ಬೆಂಗಳೂರು ಬ್ರಿಗೇಡ್. ಈ ಎರಡನೆಯದರಲ್ಲಿ ಬೆಂಗಳೂರು ದಂಡಿನಲ್ಲಿ ಬೀಡುಬಿಟ್ಟಿದ್ದ ಲಾಯಲ್ ನಾರ್ತ್ ಲ್ಯಾಂಕಾಷೈರ್ ಎಂಬ ಬ್ರಿಟಿಷ್ ಪಡೆ, 63ನೆಯ ಪಾಳಯಂಕೋಟ್ಟೈ ಲೈಟ್ ಇನ್‌ಫೆಂಟ್ರಿ, 98ನೆಯ ಇನ್‌ಫೆಂಟ್ರಿ, 101ನೆಯ ಗ್ರೆನೇಡಿಯರ್ಸ್ ಇದ್ದವು. ಜೊತೆಗೆ ಮದ್ರಾಸ್ ಪ್ರಾಂತ್ಯದ 61ನೆಯ ಪಯೊನೀರ್ ಪಡೆ. ಪಯೊನೀರ್ ಎಂದರೆ ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದರಲ್ಲಿ ಬಂದೂಕು. ರಸ್ತೆ ಮಾಡು ಎಂದರೆ ರಸ್ತೆ, ಹೊಡೆದಾಡು ಎಂದರೆ ಹೊಡೆದಾಟ.

ಬ್ರಿಗೇಡ್ ಎಂದು ಹೆಸರಿಟ್ಟ ಮಾತ್ರಕ್ಕೆ ಅವರು ಒಟ್ಟಿಗೆ ಪಳಗಿದವರಲ್ಲ. ಒಂದು ಪಡೆಯ ಭಾಷೆ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಕೆಲವರ ಕೈಗೆ ಹೊಸ ಮಾದರಿಯ ರೈಫಲ್ಲು, ಮೆಷಿನ್‌ಗನ್ ಬಂದದ್ದೇ ಹೊರಡುವ ಹೊತ್ತಿಗೆ. ಹಡಗು ಹತ್ತಿದ ಮೇಲೆ ಬೆಂಗಾವಲು ನೌಕೆಗಳಿಗಾಗಿ ಮುಂಬಯಿ ಬಂದರಿನಲ್ಲೇ ಕಾಯಬೇಕಾಯಿತು. ಜರ್ಮನಿಯ ಎಮ್ಡನ್ ಆಗ ಹಿಂದೂ ಮಹಾಸಾಗರದಲ್ಲಿ ಅಲೆಯುತ್ತಿತ್ತು. ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಹೋಗಿತ್ತು. ಕೊನೆಗೆ ಹಡಗುಗಳು ಹೊರಟದ್ದು ಅಕ್ಟೋಬರ್ 16ಕ್ಕೆ. ಕಡಲನ್ನೇ ಕಾಣದ ಜನ, ಇಕ್ಕಟ್ಟಿನ ಹಡಗು, ವಾಂತಿ, ಒಗ್ಗದ ಊಟ. ಟಾಂಗಾ ಕಾಣಿಸುವ ಹೊತ್ತಿಗೆ ಅವರ ಕಾಲಿಗೆ ನೆಲ ಮರೆತುಹೋಗಿತ್ತು.

ನವೆಂಬರ್ 2ರ ಬೆಳಿಗ್ಗೆ ನಡೆದದ್ದನ್ನು ನಾನು ಎಷ್ಟು ಸಲ ಓದಿದರೂ ನಂಬಲು ಕಷ್ಟವಾಗುತ್ತದೆ. ಎಂಟು ಸಾವಿರ ಜನರ ಹಡಗುಗಳು ಕಣ್ಣಿಗೆ ಕಾಣದಷ್ಟು ದೂರ ನಿಂತವು. 'ಫಾಕ್ಸ್' ಎಂಬ ಯುದ್ಧನೌಕೆ ಒಂದೇ ಬಂದರಿಗೆ ಬಂತು. ಅದರ ಕ್ಯಾಪ್ಟನ್ ಕಾಲ್‌ಫೀಲ್ಡ್ ಊರಿನ ಜಿಲ್ಲಾಧಿಕಾರಿ ಔರಾಕರನನ್ನು ಹಡಗಿಗೆ ಕರೆಸಿ, ಹಳೆಯ ಒಪ್ಪಂದ ರದ್ದಾಗಿದೆ, ಒಂದು ಗಂಟೆಯಲ್ಲಿ ಶರಣಾಗಬೇಕು, ಇಲ್ಲವಾದರೆ ದಾಳಿ ಎಂದು ತಿಳಿಸಿದ. ನೌಕಾಪಡೆ ಒಪ್ಪಂದ ಮಾಡಿಕೊಂಡಿದೆ, ಅದನ್ನು ಹೇಳದೆ ಮುರಿಯುವುದು ಮರ್ಯಾದೆಯಲ್ಲ ಎಂಬುದು ಅವನ ವಾದ. ಮರ್ಯಾದಸ್ಥನೇ ಇರಬೇಕು. ಬಂದರಿನಲ್ಲಿ ಮೈನುಗಳನ್ನು ಇಟ್ಟಿದ್ದೀರಾ ಎಂದು ಶತ್ರುವನ್ನೇ ಕೇಳಿದ. ಔರಾಕರ್ ಮೇಲಿನವರನ್ನು ಕೇಳಿ ಬರುತ್ತೇನೆಂದು ದಡಕ್ಕೆ ಮರಳಿದವನು ಲೆಟೋಗೆ ಸುದ್ದಿ ಮುಟ್ಟಿಸಿ, ಸಮವಸ್ತ್ರ ತೊಟ್ಟು ಸೈನ್ಯ ಸೇರಿಕೊಂಡ. ಗಂಟೆ ಕಳೆಯಿತು. ಫಾಕ್ಸ್ ವಾಪಸು ಹೋಯಿತು. ಆಮೇಲೆ ಇಲ್ಲದ ಮೈನುಗಳನ್ನು ಹುಡುಕುತ್ತಾ ಕಡಲು ಗುಡಿಸಿದ್ದಾಯಿತು.

ಆ ಹೊತ್ತಿಗೆ ಊರನ್ನು ಕಾಯಲು ಇದ್ದದ್ದು ಹೆಚ್ಚೆಂದರೆ ಒಂದು ಕಂಪನಿ. ಮೋಶಿಯಿಂದ ರೈಲುಗಳು ಅಸ್ಕರಿಗಳನ್ನು ತುಂಬಿಕೊಂಡು ಹೊರಟವು. ಅಸ್ಕರಿ ಎಂದರೆ ಜರ್ಮನ್ನರ ಕೈಕೆಳಗೆ ದುಡಿಯುತ್ತಿದ್ದ ಆಫ್ರಿಕನ್ ಸಿಪಾಯಿ. ನಮ್ಮ ಸಿಪಾಯಿಗಳು ಹೇಗೆ ಬೇರೆಯವರ ಸಾಮ್ರಾಜ್ಯಕ್ಕೆ ಕಾದಾಡಿದರೋ ಹಾಗೆಯೇ ಅವರೂ.

ಬ್ರಿಟಿಷರು ಬಂದರು ಬಿಟ್ಟು ಪೂರ್ವದ ರಾಸ್ ಕಸೋನೆ ಎಂಬ ಭೂಶಿರದ ಬಳಿ, ಕಾಂಡ್ಲಾ ಕಾಡಿನ ಕೆಸರಿನಲ್ಲಿ ರಾತ್ರಿ ಇಳಿದರು. ಮರುದಿನ ಬೆಳಿಗ್ಗೆ 13ನೆಯ ರಜಪೂತರು ಮತ್ತು 61ನೆಯ ಪಯೊನೀರರು ಊರಿನತ್ತ ನುಗ್ಗಿ ನೂರಾರು ಜನರನ್ನು ಕಳೆದುಕೊಂಡು ಹಿಂದೆ ಸರಿದರು. ಅದೇ ದಿನ ನೂರಾರು ಮೈಲಿ ಆಚೆ, ಕಿಲಿಮಂಜಾರೋ ಪಕ್ಕದ ಲೊಂಗಿಡೋದಲ್ಲಿ ನೆಲದ ಮೇಲಿನ ಇನ್ನೊಂದು ದಾಳಿಯೂ ವಿಫಲವಾಯಿತು. ನಾಲ್ಕನೇ ತಾರೀಖು ನಸುಕಿಗೆ ಲೆಟೋ ಟಾಂಗಾ ತಲುಪಿದ. ಸೈಕಲ್ ಹತ್ತಿ ಖಾಲಿ ಬೀದಿಗಳಲ್ಲಿ ಸುತ್ತಿ, ಬಂದರಿನವರೆಗೆ ಹೋಗಿ, ಶತ್ರುವಿನ ಹಡಗುಗಳ ದೀಪಗಳನ್ನು ಕಣ್ಣಾರೆ ನೋಡಿ ಬಂದ. ಅವನ ಬಳಿ ಇದ್ದವರು ಸುಮಾರು ಒಂದು ಸಾವಿರ. ಐಟ್ಕೆನ್ ಒಂದು ಬೇಹಿನ ತಂಡವನ್ನೂ ಸರಿಯಾಗಿ ಕಳಿಸದೆ ಅವತ್ತೇ ಮಧ್ಯಾಹ್ನ ಪೂರ್ತಿ ಸೈನ್ಯವನ್ನು ಮುಂದಕ್ಕೆ ತಳ್ಳಿದ.

ಸುಡು ಬಿಸಿಲು. ರಬ್ಬರ್ ತೋಟ, ಕತ್ತಾಳೆ ತೋಟ, ನಡುನಡುವೆ ಆಳೆತ್ತರದ ಪೊದೆ. ಪಕ್ಕದ ಪಡೆ ಎಲ್ಲಿದೆ ಎಂದು ಕಾಣುತ್ತಿರಲಿಲ್ಲ. ಗುಂಡು ಹಾರಾಟಕ್ಕೆ ಕೆರಳಿದ ಜೇನುಹುಳುಗಳು ಮರಗಳಿಂದ ಎದ್ದು 98ನೆಯ ಪಡೆಯವರ ಮೇಲೆ ಎರಗಿದವು. ಜರ್ಮನ್ನರ ಮೆಷಿನ್‌ಗನ್ ನಡೆಸುವವರನ್ನೂ ಬಿಡಲಿಲ್ಲ. ಹುಳುಗಳನ್ನು ಶತ್ರುವೇ ಬಿಟ್ಟಿದ್ದಾನೆ ಎಂಬ ಮಾತು ಬ್ರಿಟಿಷರ ಕಡೆ ಹರಡಿತು. 63ನೆಯ ಪಡೆ ಚೆದುರಿ ಕಡಲಿನತ್ತ ಓಡಿತು. ಆದರೆ ಬಲಗಡೆಯಲ್ಲಿ ಕಾಶ್ಮೀರದ ಪಡೆಯವರೂ ಬೆಂಗಳೂರಿನಿಂದ ಬಂದ ಲ್ಯಾಂಕಾಷೈರಿನವರೂ ಊರೊಳಗೆ ನುಗ್ಗಿ, ಮನೆಮನೆಯಲ್ಲಿ ಹೊಡೆದಾಡಿ, ಸುಂಕದ ಕಟ್ಟೆಯನ್ನೂ ಒಂದು ದೊಡ್ಡ ಹೋಟೆಲನ್ನೂ ಹಿಡಿದು ಬಾವುಟವನ್ನೂ ಏರಿಸಿದ್ದರು. ಲೆಟೋ ತನ್ನ ಮೀಸಲು ಕಂಪನಿಗಳನ್ನು ಎಡಪಕ್ಕಕ್ಕೆ ನುಗ್ಗಿಸಿದಾಗ ಎಲ್ಲವೂ ಕುಸಿಯಿತು.

ಈ ಕಾಳಗಕ್ಕೆ ಇಂಗ್ಲಿಷರು 'ಜೇನುಹುಳುಗಳ ಕದನ' ಎಂಬ ಅಡ್ಡಹೆಸರಿಟ್ಟರು. ನನಗೆ ಆ ಹೆಸರು ಕೇಳಿದರೆ ಸಿಟ್ಟು ಬರುತ್ತದೆ. ಸೋಲನ್ನು ಹಾಸ್ಯಪ್ರಸಂಗವಾಗಿಸಿಬಿಟ್ಟರೆ ಯಾರೂ ಲೆಕ್ಕ ಕೇಳುವುದಿಲ್ಲ. ಒಂದು ಗಂಟೆ ಮೊದಲೇ ಡಂಗುರ ಸಾರಿದ್ದು ಜೇನುಹುಳುಗಳಲ್ಲ. ವಾರಗಟ್ಟಲೆ ಹಡಗಿನಲ್ಲಿ ಬಳಲಿದವರನ್ನು ನೆಲಕ್ಕಿಳಿಸಿ ಸುಧಾರಿಸಲು ಬಿಡದೆ ಪೊದೆಗೆ ಅಟ್ಟಿದ್ದೂ ಹುಳುಗಳಲ್ಲ. ಇನ್ನೊಂದು ನೆಪವಂತೂ ಇನ್ನೂ ಕೆಟ್ಟದ್ದು: ದಕ್ಷಿಣ ಭಾರತದ ಸಿಪಾಯಿಗಳು ಓಡಿಹೋದರು, ಅವರು ಕ್ಷಾತ್ರ ಜಾತಿಯವರಲ್ಲ ಎಂಬ ಮಾತು. ಓಡಿದವರು ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಟಾಂಗಾದ ಬಗ್ಗೆ ಹರಡಿರುವ ರೋಚಕ ವಿವರಗಳಲ್ಲಿ ಹೆಚ್ಚಿನವು ಬೇಹುಗಾರಿಕೆ ಅಧಿಕಾರಿ ರಿಚರ್ಡ್ ಮೈನರ್ಟ್ಸ್‌ಹಾಗನ್‌ನ ದಿನಚರಿಯಿಂದ ಬಂದವು. ಆ ಮನುಷ್ಯ ದಿನಚರಿಯನ್ನು ತನಗೆ ಬೇಕಾದಂತೆ ಆಮೇಲೆ ತಿದ್ದಿ ಬರೆದುಕೊಂಡಿದ್ದನೆಂದೂ, ಪಕ್ಷಿಶಾಸ್ತ್ರದಲ್ಲೂ ಕದ್ದ ಮಾದರಿಗಳನ್ನು ತನ್ನವೆಂದು ತೋರಿಸಿದ್ದನೆಂದೂ ಈಚೆಗೆ ಬಯಲಾಗಿದೆ. ಅಂಥವನ ಮಾತು ನಂಬಿ ಪಾಳಯಂಕೋಟ್ಟೈಯ ಸಿಪಾಯಿಯ ಧೈರ್ಯವನ್ನು ಅಳೆಯಲು ನಾನು ತಯಾರಿಲ್ಲ.

ಅವತ್ತಿನ ರಾತ್ರಿಯ ಸಂಗತಿ ಕೇಳಿ. ಕತ್ತಲಾಗುತ್ತಿದ್ದಂತೆ ಜರ್ಮನ್ ಕಹಳೆಯ ಕರೆಯನ್ನು ತಪ್ಪಾಗಿ ತಿಳಿದುಕೊಂಡು ಅವರ ಕಂಪನಿಗಳು ಊರು ಬಿಟ್ಟು ಪಶ್ಚಿಮದ ಬಿಡಾರಕ್ಕೆ ಮರಳಿದವು. ರಾತ್ರಿಯಲ್ಲಿ ಬಹಳ ಹೊತ್ತು ಟಾಂಗಾದಲ್ಲಿ ಯಾರೂ ಇರಲಿಲ್ಲ. ಎಂಟು ಸಾವಿರ ಜನರನ್ನು ಕರೆತಂದಿದ್ದ ಐಟ್ಕೆನ್ ನಡೆದುಕೊಂಡು ಹೋಗಿ ಊರನ್ನು ತೆಗೆದುಕೊಳ್ಳಬಹುದಿತ್ತು. ಅವನಿಗೆ ಗೊತ್ತಾಗಲಿಲ್ಲ. ಐದರಂದು ಸೈನ್ಯ ಮರಳಿ ದೋಣಿ ಹತ್ತಿತು. ಅವಸರದಲ್ಲಿ ಸಾಮಾನು ತುಂಬಿಕೊಳ್ಳಲು ಆಗಲಿಲ್ಲ. ಮೆಷಿನ್‌ಗನ್ನುಗಳು, ನೂರಾರು ರೈಫಲ್ಲುಗಳು, ಟೆಲಿಫೋನ್ ಉಪಕರಣ, ಬಟ್ಟೆಬರೆ, ಲಕ್ಷಗಟ್ಟಲೆ ತೋಟಾಗಳು ದಡದಲ್ಲೇ ಉಳಿದವು. ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು ಸೇರಿ ಎಂಟುನೂರಕ್ಕೂ ಹೆಚ್ಚು. ಜರ್ಮನ್ನರ ಕಡೆ ಸುಮಾರು ನೂರೈವತ್ತು.

ಲೆಟೋನ ಅಸ್ಕರಿಗಳಲ್ಲಿ ಬಹಳ ಜನರ ಕೈಯಲ್ಲಿದ್ದದ್ದು 1871ರ ಮಾದರಿಯ ಬಂದೂಕು. ಕರಿಮದ್ದಿನದು, ಒಂದು ಗುಂಡು ಹಾರಿಸಿದರೆ ಹೊಗೆ ಎದ್ದು ಹಾರಿಸಿದವನ ಜಾಗ ಬಯಲಾಗುತ್ತಿತ್ತು. ಟಾಂಗಾದ ದಡದಲ್ಲಿ ಸಿಕ್ಕ ರೈಫಲ್ಲುಗಳಿಂದ ಮೂರು ಕಂಪನಿಗಳನ್ನು ಹೊಸದಾಗಿ ಸಜ್ಜುಗೊಳಿಸಿದೆ ಎಂದು ಅವನು ಆತ್ಮಕಥನದಲ್ಲಿ ಬರೆದುಕೊಂಡಿದ್ದಾನೆ. ಮುಂಬಯಿಯಿಂದ ಹೊತ್ತು ತಂದ ಮದ್ದುಗುಂಡು ಹೀಗೆ ತಂದವರಿಗೇ ತಿರುಗಿತು. ಆದರೆ ಅದಕ್ಕಿಂತ ದೊಡ್ಡ ಬದಲಾವಣೆ ಕಣ್ಣಿಗೆ ಕಾಣದ್ದು. ನವೆಂಬರ್ 2ರ ತನಕ ಕಾದಾಡಬೇಕೇ ಬೇಡವೇ ಎಂಬುದೇ ಆ ವಸಾಹತಿನಲ್ಲಿ ಇತ್ಯರ್ಥವಾಗಿರಲಿಲ್ಲ. ಐದರ ನಂತರ ಶ್ನೀಯ ಮಾತಿಗೆ ಕಿಮ್ಮತ್ತು ಉಳಿಯಲಿಲ್ಲ. ಗೆದ್ದು ಬಂದ ದಂಡನಾಯಕನಿಗೆ ಯುದ್ಧ ಬೇಡ ಎಂದು ಹೇಳುವವರು ಯಾರು?

ಇದು ಟಾಂಗಾದಲ್ಲಷ್ಟೇ ಆದದ್ದಲ್ಲ. ಕಡಲಿನಿಂದ ಬಂದವರನ್ನು ಕಡಲಿಗೇ ಅಟ್ಟಿದವನಿಗೆ ಸಿಗುವ ಹೆಸರು ಬೇರೆ ಗೆಲುವಿನಲ್ಲಿ ಸುಲಭಕ್ಕೆ ಸಿಗದು. 1915ರಲ್ಲಿ ಗಲಿಪೊಲಿಯಲ್ಲಿ ಇಳಿದವರನ್ನು ತಡೆದ ಮುಸ್ತಫಾ ಕೆಮಾಲ್ ಎಂಟು ವರ್ಷಗಳ ನಂತರ ತುರ್ಕಿ ಗಣರಾಜ್ಯದ ಅಧ್ಯಕ್ಷನಾದ. 1961ರಲ್ಲಿ ಬೇ ಆಫ್ ಪಿಗ್ಸ್‌ನಲ್ಲಿ ಇಳಿದವರು ಸೋತ ಮೇಲೆ ಕ್ಯಾಸ್ಟ್ರೊನನ್ನು ಅಲುಗಾಡಿಸುವವರೇ ಇಲ್ಲವಾದರು. ನಮಗೆ ಹತ್ತಿರದ ಉದಾಹರಣೆ ಬೇಕೆಂದರೆ ತಿರುವಾಂಕೂರಿನ ಕೊಳಚ್ಚಲ್ ಇದೆ. 1741ರಲ್ಲಿ ಅಲ್ಲಿ ಇಳಿದ ಡಚ್ಚರನ್ನು ಮಾರ್ತಾಂಡ ವರ್ಮ ಸೋಲಿಸಿ, ಸೆರೆಸಿಕ್ಕ ಡಿ ಲನೋಯ್ ಎಂಬವನನ್ನೇ ತನ್ನ ಸೇನೆಯನ್ನು ಪಳಗಿಸಲು ಇಟ್ಟುಕೊಂಡ. ಅವನ ಕಾಲದಲ್ಲಿ ಎದ್ದ ನೆಡುಂಕೋಟ್ಟ ಎಂಬ ಕೋಟೆಸಾಲಿನ ಮುಂದೆ 1789ರ ಡಿಸೆಂಬರಿನಲ್ಲಿ ಟಿಪ್ಪು ಸುಲ್ತಾನನ ಮೊದಲ ದಾಳಿ ಮುಗ್ಗರಿಸಿತು. ಅಲ್ಲಿಂದ ಹುಟ್ಟಿದ ಮೂರನೇ ಮೈಸೂರು ಯುದ್ಧ 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮುಗಿಯಿತು, ಅರ್ಧ ರಾಜ್ಯ ಹೋಯಿತು. ಕೊಳಚ್ಚಲಿನಿಂದ ಶ್ರೀರಂಗಪಟ್ಟಣಕ್ಕೆ ನೇರ ಗೆರೆ ಎಳೆಯುವುದು ಅತಿಯಾದೀತು. ಗೆರೆಯೇ ಇಲ್ಲ ಎನ್ನುವುದೂ ಸರಿಯಲ್ಲ.

ಸೋತವರು ಕಲಿಯುತ್ತಾರೆ ಎಂಬ ಮಾತಿದೆ. 1942ರ ಆಗಸ್ಟಿನಲ್ಲಿ ದಿಯೆಪ್ ಬಂದರಿನ ಮೇಲೆ ಇಳಿದು ಸೋತದ್ದರಿಂದಲೇ ನಾರ್ಮಂಡಿಯ ಪಾಠ ಸಿಕ್ಕಿತೆಂದು ಬಹಳಷ್ಟು ಪುಸ್ತಕಗಳು ಹೇಳುತ್ತವೆ. ಅಲ್ಲಿ ಬಿದ್ದ ಕೆನಡಾದವರ ಮನೆಯವರಿಗೆ ಆ ಸಮಾಧಾನ ಎಷ್ಟು ಸಾಲುತ್ತದೋ. ಟಾಂಗಾದಲ್ಲಿ ಅಷ್ಟೂ ಆಗಲಿಲ್ಲ. ಸೋಲಿನ ಸುದ್ದಿಯನ್ನು ತಿಂಗಳುಗಟ್ಟಲೆ ಪತ್ರಿಕೆಗಳಿಗೆ ಕೊಡದೆ ಮುಚ್ಚಿಟ್ಟರು. ಐಟ್ಕೆನ್‌ನನ್ನು ಹುದ್ದೆಯಿಂದ ಇಳಿಸಿದರು. ಆರು ತಿಂಗಳೊಳಗೆ ಗಲಿಪೊಲಿಯಲ್ಲಿ ಮತ್ತೆ ಅದೇ ಕಥೆ: ಮೊದಲು ನೌಕೆಗಳು ಬಂದು ಗುಂಡು ಹಾರಿಸಿ ಎಚ್ಚರಿಸಿದವು, ಎದುರಾಳಿಗೆ ಸಜ್ಜಾಗಲು ವಾರಗಟ್ಟಲೆ ಸಮಯ ಸಿಕ್ಕಿತು, ಆಮೇಲೆ ಸೈನಿಕರನ್ನು ಇಳಿಸಿದರು.

ಈಗ ಆ ಹಿಂದಿನ ಬೆಂಚಿನ ಪ್ರಶ್ನೆಯನ್ನು ತಿರುಗಿಸಿ ಕೇಳಬಹುದು. ಟಾಂಗಾ ಗೆದ್ದಿದ್ದರೆ? ಫಾಕ್ಸ್ ಯಾವ ಗಡುವನ್ನೂ ಕೊಡದೆ, ಹಡಗುಗಳೆಲ್ಲ ಒಮ್ಮೆಗೇ ನವೆಂಬರ್ 2ರ ಬೆಳಿಗ್ಗೆ ಬಂದರಿಗೇ ನುಗ್ಗಿದ್ದರೆ? ಒಂದು ಕಂಪನಿ ಎಂಟು ಸಾವಿರ ಜನರನ್ನು ತಡೆಯುತ್ತಿರಲಿಲ್ಲ. ರೈಲು ದಾರಿಯ ಬಾಯಿ ಬ್ರಿಟಿಷರ ಕೈಗೆ ಬರುತ್ತಿತ್ತು. ಲೆಟೋ ಅಷ್ಟಕ್ಕೇ ಕೈಚೆಲ್ಲುತ್ತಿದ್ದನೆಂದು ನನಗನ್ನಿಸುವುದಿಲ್ಲ, ಅವನು ದಕ್ಷಿಣಕ್ಕೆ ಸರಿದು ಕಾದಾಡಬಹುದಿತ್ತು. ಆದರೆ ಸೋತ ದಂಡನಾಯಕನ ಹಟಕ್ಕೆ ಗವರ್ನರ್ ತಲೆಬಾಗಬೇಕಿರಲಿಲ್ಲ, ಅಸ್ಕರಿಗಳೂ ಹಿಂದೆ ಹೋಗಬೇಕಿರಲಿಲ್ಲ. ಆಫ್ರಿಕಾದಲ್ಲಿ ಜರ್ಮನಿಗೆ ಇನ್ನೂ ಮೂರು ವಸಾಹತುಗಳಿದ್ದವು. ಟೋಗೋ 1914ರ ಆಗಸ್ಟಿನಲ್ಲೇ ಶರಣಾಯಿತು. ನೈಋತ್ಯ ಆಫ್ರಿಕಾ 1915ರ ಜುಲೈನಲ್ಲಿ. ಕ್ಯಾಮರೂನಿನಲ್ಲಿ 1916ರ ಆರಂಭಕ್ಕೆ ಎಲ್ಲ ಮುಗಿದಿತ್ತು. ಟಾಂಗಾದ ಹಿಂದಿನ ನೆಲದಲ್ಲಿ ಮಾತ್ರ ಯುದ್ಧ 1918ರ ನವೆಂಬರ್ 25ರವರೆಗೆ ನಡೆಯಿತು. ಯುರೋಪಿನಲ್ಲಿ ಕದನವಿರಾಮವಾಗಿ ಎರಡು ವಾರ ಕಳೆದ ಮೇಲೆ, ಇಂದಿನ ಜಾಂಬಿಯಾದ ಅಬರ್ಕಾರ್ನ್ ಎಂಬಲ್ಲಿ ಲೆಟೋ ಆಯುಧ ಒಪ್ಪಿಸಿದ. ಅವನ ಜೊತೆ ಉಳಿದಿದ್ದವರು ನೂರೈವತ್ತು ಚಿಲ್ಲರೆ ಯುರೋಪಿಯನ್ನರು, ಸಾವಿರದ ನೂರು ಚಿಲ್ಲರೆ ಅಸ್ಕರಿಗಳು. ಮರುವರ್ಷ ಬರ್ಲಿನ್ನಿನಲ್ಲಿ ಕುದುರೆಯ ಮೇಲೆ ಮೆರವಣಿಗೆ. ಸೋಲದ ದಂಡನಾಯಕ ಎಂಬ ಬಿರುದು.

ಅವನ ಹಟ ಯುರೋಪಿನ ಯುದ್ಧವನ್ನು ಒಂದು ದಿನವಾದರೂ ಬದಲಿಸಿತೇ? ಬದಲಿಸಲಿಲ್ಲ ಎಂದೇ ನನ್ನ ಎಣಿಕೆ. ಅವನನ್ನು ಅಟ್ಟಿಸಿಕೊಂಡು ಹೋದವರಲ್ಲಿ ಹೆಚ್ಚಿನವರು ಭಾರತೀಯರು, ದಕ್ಷಿಣ ಆಫ್ರಿಕಾದವರು, ಕೊನೆಕೊನೆಗೆ ಆಫ್ರಿಕನ್ನರೇ. ಬ್ರಿಟನ್ನು ಕರಿಯ ಆಫ್ರಿಕನ್ ಸಿಪಾಯಿಗಳನ್ನು ಫ್ರಾನ್ಸಿನ ಕಂದಕಗಳಿಗೆ ಹೇಗೂ ಕಳಿಸುತ್ತಿರಲಿಲ್ಲ. ವೆರ್ಸೈಲ್ಸ್ ಒಪ್ಪಂದದ ಮೇಜಿನ ಮೇಲೆ ಟಾಂಗಾದ ಸೋಲು ಒಂದು ಅಲ್ಪವಿರಾಮದಷ್ಟೂ ಕಾಣಿಸಲಿಲ್ಲ. ಜರ್ಮನಿ ಸೋತಿತು, ವಸಾಹತಿನ ಹೆಚ್ಚಿನ ಭಾಗ ಬ್ರಿಟನ್ನಿಗೆ ಹೋಯಿತು.

ಹಾಗಾದರೆ ಆ ನಾಲ್ಕು ವರ್ಷ ಯಾರ ಲೆಕ್ಕಕ್ಕೆ?

ಆ ನಾಡಿನಲ್ಲಿ ಸೆಟ್ಸಿ ನೊಣದ ಕಾಟ. ಕುದುರೆ, ಹೇಸರಗತ್ತೆ, ಎತ್ತು ಯಾವುದೂ ಬದುಕುತ್ತಿರಲಿಲ್ಲ. ರೈಲು ಮುಗಿದಲ್ಲಿಂದ ಮುಂದಕ್ಕೆ ಎಲ್ಲವೂ ಮನುಷ್ಯರ ತಲೆಯ ಮೇಲೆ ಹೋಗಬೇಕು. ಒಂದು ಸರಳ ಲೆಕ್ಕ ಹಾಕಿ ನೋಡಿ. ಒಬ್ಬ ಹೊರೆಯಾಳು 25 ಕಿಲೋ ಹಿಟ್ಟು ಹೊರುತ್ತಾನೆಂದುಕೊಳ್ಳಿ. ಅವನ ಹೊಟ್ಟೆಗೆ ದಿನಕ್ಕೆ ಒಂದು ಕಿಲೋ. ಹೋಗಲು ಹತ್ತು ದಿನ, ಬರಲು ಹತ್ತು ದಿನ ಹಿಡಿದರೆ ಇಪ್ಪತ್ತು ಕಿಲೋ ಅವನಿಗೇ ಬೇಕು, ಸೈನಿಕನಿಗೆ ಮುಟ್ಟುವುದು ಐದು ಕಿಲೋ. ದಾರಿ ಉದ್ದವಾದಷ್ಟೂ ಹೊರೆಯಾಳುಗಳ ಸಂಖ್ಯೆ ಏರಬೇಕು, ಇಲ್ಲವೇ ಅವರ ಪಡಿ ಇಳಿಯಬೇಕು. ಎರಡೂ ಆಯಿತು. ಬ್ರಿಟಿಷರ ಕಡೆಯೊಂದರಲ್ಲೇ ಸುಮಾರು ಹತ್ತು ಲಕ್ಷ ಜನರನ್ನು ಹೊರೆ ಹೊರಿಸಿದರು, ಅದರಲ್ಲಿ ಬಹಳಷ್ಟು ಜನ ಹಳ್ಳಿಗಳಿಂದ ಹಿಡಿದು ತಂದವರು. ಸರ್ಕಾರಿ ಲೆಕ್ಕದ ಪ್ರಕಾರವೇ ಸುಮಾರು 95,000 ಜನ ಸತ್ತರು. ಗುಂಡಿನಿಂದ ಅಲ್ಲ. ಆಮಶಂಕೆ, ಮಲೇರಿಯಾ, ನ್ಯುಮೋನಿಯಾ, ಅರೆಹೊಟ್ಟೆ. ಜರ್ಮನ್ನರೂ ಹಾಗೆಯೇ ಜನರನ್ನು ಹಿಡಿದು ಹೊರಿಸಿದರು, ಹಳ್ಳಿಗಳ ಕಣಜ ಬರಿದು ಮಾಡಿದರು. ದೇಶದ ನಡುವಿನ ಉಗೋಗೊ ಸೀಮೆಯಲ್ಲಿ ಎರಡೂ ಸೇನೆಗಳು ದನ, ಧಾನ್ಯ, ಗಂಡಸರು ಎಲ್ಲವನ್ನೂ ಕಿತ್ತುಕೊಂಡ ಮೇಲೆ ಮಳೆಯೂ ಕೈಕೊಟ್ಟಿತು. 1917ರಿಂದ ಶುರುವಾದ ಆ ಬರವನ್ನು ಗೊಗೊ ಜನ 'ಮ್ತುನ್ಯಾ' ಎಂದು ಕರೆಯುತ್ತಾರೆ. ಅಂದಾಜಿನ ಪ್ರಕಾರ ಅವರಲ್ಲಿ ಐದರಲ್ಲೊಬ್ಬರು ಉಳಿಯಲಿಲ್ಲ. ಅದರ ಬೆನ್ನಿಗೇ ಇನ್‌ಫ್ಲುಯೆಂಜಾ ಬಂತು.

ಯುದ್ಧದ ನಕಾಶೆಯಲ್ಲಿ ಟಾಂಗಾ ಏನನ್ನೂ ಬದಲಿಸಲಿಲ್ಲ. ಉಗೋಗೊದ ಒಂದು ಅಡುಗೆಮನೆಯಿಂದ ನೋಡಿದರೆ ಆ ಸೋಲು ಎಲ್ಲವನ್ನೂ ಬದಲಿಸಿತು. ಇದನ್ನು ಹೇಳಿದಾಗ ಒಬ್ಬ ಹುಡುಗಿ ಕೇಳಿದಳು, "ಅಂದ್ರೆ ಸರ್, ಬ್ರಿಟಿಷರು ಗೆಲ್ಲಬೇಕಿತ್ತು ಅಂತೀರಾ?" ಒಳ್ಳೆಯ ಪ್ರಶ್ನೆ. ಬೇಗ ಮುಗಿಯಬೇಕಿತ್ತು ಎನ್ನುತ್ತೇನೆ. ಕಾದಾಟವೇ ಬೇಡವೆಂದ ಶ್ನೀಯ ಮಾತನ್ನು ಎರಡೂ ಕಡೆಯವರು ಕೇಳಿದ್ದರೆ ಇನ್ನೂ ಚೆನ್ನಾಗಿತ್ತು. ಶ್ನೀ ಕರುಣಾಳುವೇನಲ್ಲ, ತೋಟಗಾರರ ಲಾಭದ ಕಾವಲುಗಾರ. ಆ ಲಾಭಕ್ಕೂ ಹೊರೆಯಾಳುಗಳ ಜೀವಕ್ಕೂ ಆ ಒಂದು ಗಳಿಗೆಯಲ್ಲಿ ಹಿತ ಒಂದೇ ಆಗಿತ್ತು, ಅಷ್ಟೆ.

ಬೆಂಗಳೂರು ಇದನ್ನು ನೆನಪಿಟ್ಟುಕೊಂಡಿಲ್ಲ. 1918ರ ಸೆಪ್ಟೆಂಬರಿನಲ್ಲಿ ಹೈಫಾ ಪಟ್ಟಣವನ್ನು ಗೆಲ್ಲುವಾಗ ಮೈಸೂರು ಲ್ಯಾನ್ಸರ್ಸ್ ತೋರಿದ ಸಾಹಸಕ್ಕೆ ಪ್ರತಿವರ್ಷ ಹಾರ ಬೀಳುತ್ತದೆ, ಜಯಚಾಮರಾಜೇಂದ್ರ ನಗರದಲ್ಲಿ ಆ ಪಡೆಯ ಸ್ಮಾರಕವಿದೆ. ಬೀಳಲಿ, ಅವರೂ ನಮ್ಮವರೇ. ಗೆದ್ದ ಕಾಳಗಕ್ಕೆ ಊರು, ಮನೆತನ, ಹೆಸರು ಎಲ್ಲ ಇರುತ್ತವೆ. ಟಾಂಗಾದಲ್ಲಿ ಬೆಂಗಳೂರಿನ ಹೆಸರು ಹೊತ್ತ ಬ್ರಿಗೇಡು ಬಿದ್ದದ್ದು ಊರಿಗೆ ಗೊತ್ತಿಲ್ಲ. ಪಯೊನೀರ್ ಪಡೆಗಳನ್ನು 1933ರಲ್ಲಿ ವಿಸರ್ಜಿಸಿದ ಮೇಲೆ ನೆನೆಯುವ ರೆಜಿಮೆಂಟೂ ಉಳಿಯಲಿಲ್ಲ. ಟಾಂಗಾದಲ್ಲೇ ಕಾಮನ್‌ವೆಲ್ತ್ ಯುದ್ಧಸ್ಮಶಾನವೊಂದಿದೆ, ಅಲ್ಲಿ ಸತ್ತ ಭಾರತೀಯ ಸೈನಿಕರಿಗೆ ಅದೇ ನೆಲೆ.

ಹೊರೆಯಾಳುಗಳಿಗೆ ಅದೂ ಇಲ್ಲ. ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗ 2021ರಲ್ಲಿ ತಾನೇ ಹೊರಡಿಸಿದ ವರದಿಯಲ್ಲಿ, ಕನಿಷ್ಠ 1,16,000 ಜನರನ್ನು, ಬಹುಶಃ 3,50,000 ಜನರವರೆಗೆ, ಹೆಸರು ಹಿಡಿದು ಸ್ಮರಿಸಿಲ್ಲ, ಅಥವಾ ಸ್ಮರಿಸಿಯೇ ಇಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಅವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರು. ಅವರ ಗುರುತು ಉಳಿದಿರುವುದು ವಿಚಿತ್ರವಾದ ಒಂದು ಕಡೆ. ಹೊರೆಯಾಳುಗಳ ದಳವನ್ನು ಇಂಗ್ಲಿಷಿನಲ್ಲಿ 'ಕ್ಯಾರಿಯರ್ ಕೋರ್' ಎನ್ನುತ್ತಿದ್ದರು. ಸ್ವಾಹಿಲಿ ನಾಲಿಗೆಯಲ್ಲಿ ಅದು ನೈರೋಬಿಯಲ್ಲಿ 'ಕರಿಯೋಕೋರ್' ಆಯಿತು, ದಾರ್ ಎಸ್ ಸಲಾಮಿನಲ್ಲಿ 'ಕರಿಯಾಕೂ'. ಇವತ್ತು ಕರಿಯಾಕೂ ಎಂದರೆ ಆ ನಗರದ ಅತಿ ದೊಡ್ಡ ಮಾರುಕಟ್ಟೆ. ನಮ್ಮ ಕೆ.ಆರ್. ಮಾರ್ಕೆಟ್ಟಿನ ಹಾಗೆ ತರಕಾರಿ, ಬಟ್ಟೆ, ಮೊಬೈಲು, ನೂಕುನುಗ್ಗಲು.

ಅಲ್ಲಿಂದ ಬಂದರಿನ ಕಡೆಗೆ ಹೋದರೆ ಒಂದು ವೃತ್ತದ ನಡುವೆ ಕಂಚಿನ ಅಸ್ಕರಿಯ ಪ್ರತಿಮೆ ಇದೆ. 1927ರಲ್ಲಿ ಬ್ರಿಟಿಷರು ನಿಲ್ಲಿಸಿದ್ದು. ಅದಕ್ಕೂ ಮುಂಚೆ ಆ ಜಾಗದಲ್ಲಿ ಜರ್ಮನ್ ಗವರ್ನರೊಬ್ಬನ ಪ್ರತಿಮೆ ಇತ್ತು. ಪೀಠದ ಮೇಲಿನ ಬರಹ ಕಿಪ್ಲಿಂಗನದು, ನೀವು ಸತ್ತರೂ ನಿಮ್ಮ ಮಕ್ಕಳು ನಿಮ್ಮ ಹೆಸರನ್ನು ನೆನೆಯುತ್ತಾರೆ ಎಂಬರ್ಥದ್ದು. ಅದರ ಮೇಲೆ ಒಬ್ಬನ ಹೆಸರೂ ಇಲ್ಲ. ನೈರೋಬಿಯ ಸ್ಮಾರಕದಲ್ಲಿ ಸಿಪಾಯಿಯ ಪಕ್ಕದಲ್ಲಿ ಒಬ್ಬ ಹೊರೆಯಾಳೂ ನಿಂತಿದ್ದಾನೆ, ದಾರ್ ಎಸ್ ಸಲಾಮಿನಲ್ಲಿ ಅಸ್ಕರಿ ಒಬ್ಬನೇ. ಅವನ ಬಂದೂಕಿನ ಬಾಯನೆಟ್ಟು ಬಂದರಿನತ್ತ, ಕಡಲಿನ ಕಡೆಗೆ ಚಾಚಿಕೊಂಡಿದೆ.